ಫೋನ್ ತುಂಬ ಫೋಟೋ, ಕಟ್ಟು ಹಾಕಿಸೋಕೆ ಒಂದಿಲ್ಲ

ದೊಡ್ಡಮ್ಮ ತೀರಿಕೊಂಡ ನಾಲ್ಕನೇ ದಿನ ಮನೆಯಲ್ಲಿ ಫೋಟೋ ಹುಡುಕಾಟ ಶುರುವಾಯಿತು. ಹನ್ನೊಂದನೇ ದಿನದ ಕಾರ್ಯಕ್ಕೆ ಹಾರ ಹಾಕಿ ಇಡಲು ಒಂದು ದೊಡ್ಡ ಫೋಟೋ ಬೇಕಿತ್ತು. ಸಕಲೇಶಪುರದ ಹತ್ತಿರದ ಆ ಮನೆಯಲ್ಲಿ ಆವತ್ತು ಒಂಬತ್ತು ಮೊಬೈಲ್ ಇದ್ದವು. ಎಲ್ಲರೂ ಜಗಲಿಯಲ್ಲಿ ಕೂತು ಬೆರಳಾಡಿಸಿದೆವು. ಮಗಳ ಮದುವೆ, ಮೊಮ್ಮಗನ ನಾಮಕರಣ, ಗೌರಿ ಹಬ್ಬ, ಕಾಫಿ ಕೊಯ್ಲು, ಬೇಲೂರಿಗೆ ಹೋಗಿದ್ದು. ಸಾವಿರಾರು ಫೋಟೋ. ದೊಡ್ಡಮ್ಮ ಬೇಕಾದಷ್ಟು ಕಡೆ ಇದ್ದರು. ಬಾಗಿಲ ಮರೆಯಲ್ಲಿ ಅರ್ಧ ಮುಖ. ಕಾಫಿ ತಟ್ಟೆ ಹಿಡಿದು ಹೋಗುವಾಗ ಬೆನ್ನು. ಯಾರದೋ ಸೆಲ್ಫಿಯ ಮೂಲೆಯಲ್ಲಿ ಮುಚ್ಚಿದ ಕಣ್ಣು.

ಕೊನೆಗೆ ಒಂದು ಸಿಕ್ಕಿತು. ಹಸಿರು ಸೀರೆ, ತುಂಬು ನಗು, ಮುಖದ ಮೇಲೆ ಒಳ್ಳೆ ಬೆಳಕು. ಆದರೆ ತೆಗೆದವರು ಯಾರು ಅಂತ ಯಾರಿಗೂ ನೆನಪಿಲ್ಲ. ಮೂಲ ಫೋಟೋ ಯಾರ ಹತ್ತಿರವೂ ಇಲ್ಲ. ಗ್ರೂಪಿಂದ ಗ್ರೂಪಿಗೆ ದಾಟಿ ಬಂದ ಪ್ರತಿ ಅದು. ಅದನ್ನೇ ಹಾಸನಕ್ಕೆ ತಗೊಂಡು ಹೋದೆ. ಅಂಗಡಿಯ ಹುಡುಗ ಕಂಪ್ಯೂಟರಿಗೆ ಹಾಕಿ ಮುಖವನ್ನು ಹಿಗ್ಗಿಸಿದ. ಕೆನ್ನೆ ಚೌಕ ಚೌಕವಾಯಿತು. “ಇದು ಒಡೆಯುತ್ತೆ ಸಾರ್. ಬೇರೆ ಇದ್ರೆ ಕೊಡಿ” ಅಂದ.

ಬೇರೆ ಇದ್ದದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ. ಗಂಡಿನ ಕಡೆಯವರಿಗೆ ಕಳಿಸಲು ಅಂತ ಮದುವೆಗೆ ಮುಂಚೆ ಹಾಸನದ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಕಪ್ಪು-ಬಿಳುಪು ಫೋಟೋ. ಕ್ಯಾಬಿನೆಟ್ ಸೈಜು. ಐವತ್ತು ವರ್ಷ ಹಳೆಯದು. ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಾಗ ಮೂಗುತಿಯ ಕಲ್ಲು ಕೂಡ ಕಾಣಿಸಿತು. ಹನ್ನೊಂದನೇ ದಿನ ನಾವು ಹಾರ ಹಾಕಿದ್ದು ಇಪ್ಪತ್ತೆರಡರ ಹುಡುಗಿಯೊಬ್ಬಳ ಫೋಟೋಗೆ. ಮೊಮ್ಮಗಳು ಅದರ ಮುಂದೆ ನಿಂತು, “ಇದು ಯಾರು?” ಅಂತ ಕೇಳಿದಳು.

ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಐವತ್ತು ವರ್ಷದ ಹಿಂದಿನ ಒಂದೇ ಒಂದು ಫೋಟೋ ಕೈ ಹಿಡಿಯಿತು. ಹೋದ ವರ್ಷದ ಸಾವಿರ ಫೋಟೋ ಕೈ ಕೊಟ್ಟವು. ಇವತ್ತಿನ ಕ್ಯಾಮೆರಾಗಳು ಕೆಟ್ಟವು ಅಂತ ಹೇಳುವಂತಿಲ್ಲ, ಅವು ಆವತ್ತಿನವಕ್ಕಿಂತ ಎಷ್ಟೋ ಪಾಲು ಚುರುಕು. ಹಾಗಾದರೆ ಆಗಿದ್ದೇನು? ನನಗೆ ಅರ್ಥವಾಗಿರುವುದು ಇಷ್ಟು. ಮೊದಲು ಫೋಟೋದ ಮೇಲಿನ ಕಾಳಜಿಯೆಲ್ಲ ಬಟನ್ ಒತ್ತುವುದಕ್ಕೆ ಮುಂಚೆ ಇರುತ್ತಿತ್ತು. ಡಿಜಿಟಲ್ ಬಂದ ಮೇಲೆ ಆ ಕೆಲಸ ಬಟನ್ ಒತ್ತಿದ ನಂತರಕ್ಕೆ ಹೋಗಿದೆ. ನಾವು ಮಾತ್ರ ಬಟನ್ ಒತ್ತಿ, ಕೆಲಸ ಮುಗಿಯಿತು ಅಂತ ಎದ್ದು ಬಿಡುತ್ತಿದ್ದೇವೆ. ಇದು ಹೇಗೆ ಆಯಿತು ಅಂತ ತಿಳಿಯಲು ಕ್ಯಾಮೆರಾದ ಒಳಗೆ ಸ್ವಲ್ಪ ಇಣುಕಬೇಕು.

ಮೊದಲು ರೋಲಿನ ಕಾಲ. ಸಾಮಾನ್ಯ ರೋಲಿನಲ್ಲಿ 36 ಫೋಟೋ. ಹುಷಾರಾಗಿ ಲೋಡ್ ಮಾಡಿದರೆ 37, 38 ಬರುತ್ತಿತ್ತು, ಆ ಒಂದೆರಡಕ್ಕೂ ಬೆಲೆ ಇತ್ತು. ಅದಕ್ಕೂ ಹಿಂದೆ ಕೆಲವು ಮನೆಗಳಲ್ಲಿ ಇದ್ದ ಆಗ್ಫಾ ಕ್ಲಿಕ್ 3ರಲ್ಲಿ ಒಂದು ರೋಲಿಗೆ 12 ಚೌಕದ ಫೋಟೋ, ಅಷ್ಟೆ. ರೋಲಿಗೆ ಒಂದು ದುಡ್ಡು, ತೊಳೆಸಲು ಒಂದು ದುಡ್ಡು, ಪ್ರಿಂಟ್ ಹಾಕಿಸಲು ಮತ್ತೊಂದು ದುಡ್ಡು. ಹಾಗಾಗಿ ಯುಗಾದಿಗೆ ಹಾಕಿದ ರೋಲು ಮುಗಿಯುವ ಹೊತ್ತಿಗೆ ದೀಪಾವಳಿ ಬಂದಿರುತ್ತಿತ್ತು. ಯುಗಾದಿಯ ಹೋಳಿಗೆ, ಆಷಾಢದ ಮಳೆ, ಗೌರಿ ಬಾಗಿನ ಎಲ್ಲವೂ ಒಂದೇ ಡಬ್ಬಿಯೊಳಗೆ ಕತ್ತಲಲ್ಲಿ ಕಾಯುತ್ತಿದ್ದವು.

ಕಾಯುವುದು ಅಂದೆನಲ್ಲ, ಅದು ಸುಮ್ನೆ ಹೇಳಿದ ಮಾತಲ್ಲ. ಫಿಲ್ಮಿನ ಮೇಲೆ ಜೆಲಟಿನ್ ಅನ್ನುವ ಅಂಟಿನ ಪದರ ಇರುತ್ತದೆ. ಅದರಲ್ಲಿ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ನಾಲ್ಕಾರು ಪರಮಾಣುಗಳು ಒಂದು ಕಡೆ ಗುಂಪುಗೂಡುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಚಿತ್ರ ಆಗಲೇ ಬಿದ್ದಾಗಿದೆ. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಆ ಗುರುತು ಇರುವ ಹರಳುಗಳು ಪೂರ್ತಿ ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ಬೀಳದ ಹರಳುಗಳನ್ನು ಹೈಪೋ ಅನ್ನುವ ಇನ್ನೊಂದು ದ್ರಾವಣ ಕರಗಿಸಿ ತೆಗೆಯುತ್ತದೆ. ಆಮೇಲೆ ನೀರು.

ಪಿಯುಸಿ ರಜೆಯಲ್ಲಿ ಚಿಕ್ಕಪ್ಪನ ಸ್ಟುಡಿಯೋದಲ್ಲಿ ನಾನು ಕೈಯಾಳು. ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ಬಿಳಿ ಕಾಗದ ಟ್ರೇಗೆ ಇಳಿಸಿ ಅಲ್ಲಾಡಿಸುತ್ತಿದ್ದರೆ ಮೊದಲು ತಲೆಗೂದಲು ಮೇಲೆ ಬರುತ್ತಿತ್ತು. ಆಮೇಲೆ ಕುಂಕುಮ, ಹುಬ್ಬು, ಕಣ್ಣು. ಕೊನೆಗೆ ಕೆನ್ನೆಯ ತಿಳಿ ನೆರಳು. ಕಪ್ಪು-ಬಿಳುಪು ಪ್ರಿಂಟಿನ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ, ಅದಕ್ಕೇ ಆ ದೀಪ. ನನಗೆ ಆ ಹೊತ್ತು ತುಂಬ ಇಷ್ಟ. ಆದರೆ ಚಿಕ್ಕಪ್ಪನ ಗಮನವೆಲ್ಲ ಕೊನೆಯ ತೊಟ್ಟಿಯ ಮೇಲೆ. “ನೀರು ನಿಲ್ಲಿಸಬೇಡ, ಇನ್ನೂ ಹೈಪೋ ಇದೆ” ಅನ್ನುತ್ತಿದ್ದ. ಹೈಪೋ ಸರಿಯಾಗಿ ತೊಳೆದು ಹೋಗದಿದ್ದರೆ ಫೋಟೋ ಕೆಲವು ವರ್ಷದಲ್ಲಿ ಹಳದಿಯಾಗಿ ಮಾಸುತ್ತದೆ. ಗಿರಾಕಿಗೆ ಅದು ಆವತ್ತು ಗೊತ್ತಾಗುವುದೇ ಇಲ್ಲ. ಆದರೂ ಅವನು ಗಡಿಯಾರ ನೋಡಿಕೊಂಡು ನೀರು ಬಿಡುತ್ತಿದ್ದ. ದೊಡ್ಡಮ್ಮನ ಆ ಫೋಟೋ ಐವತ್ತು ವರ್ಷ ಉಳಿಯಬೇಕಾದರೆ ಯಾರೋ ಒಬ್ಬರು ಹೀಗೇ ತೊಟ್ಟಿಯ ಪಕ್ಕ ತಾಳ್ಮೆಯಿಂದ ನಿಂತಿರಬೇಕು.

ಇನ್ನೊಂದು ಮಾತು. ಫಿಲ್ಮಿನ ವೇಗ, ಅಂದರೆ ಬೆಳಕನ್ನು ಅದು ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಸಂಖ್ಯೆ, ರೋಲಿಗೆ ಒಂದೇ. 100ರ ರೋಲು ಹಾಕಿದರೆ ಬೆಳಗಿನ ಬಿಸಿಲಿಗೂ 100, ಸಂಜೆಯ ದೀಪಕ್ಕೂ 100. ಫೋಟೋ ಹೇಗೆ ಬಂತು ಅಂತ ನೋಡುವ ದಾರಿಯೇ ಇಲ್ಲ. ಆದ್ದರಿಂದ ಸ್ಟುಡಿಯೋದವರು ಮೊದಲು ಗಲ್ಲ ಹಿಡಿದು ಮುಖ ತಿರುಗಿಸುತ್ತಿದ್ದರು, ಸೆರಗು ಸರಿ ಮಾಡಿಸುತ್ತಿದ್ದರು, ಬೆಳಕು ಮೂಗಿನ ಯಾವ ಪಕ್ಕ ಬೀಳುತ್ತಿದೆ ಅಂತ ನೋಡುತ್ತಿದ್ದರು. ಒಂದೇ ಒಂದು ಸಲ ಒತ್ತಬೇಕಲ್ವಾ? ಎಲ್ಲ ಜಾಗ್ರತೆಯೂ ಆ ಒಂದು ಕ್ಷಣದ ಹಿಂದೆ ನಿಂತಿರುತ್ತಿತ್ತು.

ಈಗ ಡಿಜಿಟಲ್‌ಗೆ ಬರೋಣ. ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿ ಮಳೆ ಅಳೆಯುವ ಡಬ್ಬಿ ಇರುತ್ತದೆ. ಬೆಳಿಗ್ಗೆ ಎದ್ದು ಅದರ ನೀರು ಅಳೆದು, “ನಿನ್ನೆ ಎರಡೂವರೆ ಇಂಚು” ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಕ್ಯಾಮೆರಾದ ಸೆನ್ಸರ್ ಅಂದರೆ ಇಂಥ ಡಬ್ಬಿಗಳನ್ನು ಕಾಫಿ ಕಣದ ತುಂಬ ಸಾಲಾಗಿ ಜೋಡಿಸಿದ ಹಾಗೆ. ಕೋಟಿಗಟ್ಟಲೆ ಡಬ್ಬಿ. ಬೀಳುವುದು ಮಳೆಯ ಬದಲು ಬೆಳಕು. ಶಟರ್ ತೆರೆದಿರುವಷ್ಟು ಹೊತ್ತು ಪ್ರತಿ ಡಬ್ಬಿಯೂ ಬೆಳಕನ್ನು ವಿದ್ಯುತ್ತಾಗಿ ತುಂಬಿಕೊಳ್ಳುತ್ತದೆ. ಆಮೇಲೆ ಪ್ರತಿಯೊಂದರ ಅಳತೆ ತೆಗೆದು ಸಂಖ್ಯೆಯಾಗಿ ಬರೆದಿಡಲಾಗುತ್ತದೆ. ಆ ಸಂಖ್ಯೆಗಳ ಪಟ್ಟಿಯೇ ಫೋಟೋ. 12 ಮೆಗಾಪಿಕ್ಸೆಲ್ ಅಂದರೆ 1 ಕೋಟಿ 20 ಲಕ್ಷ ಡಬ್ಬಿ.

ಡಬ್ಬಿಗೆ ಬಣ್ಣ ಗೊತ್ತಾಗುವುದಿಲ್ಲ, ಎಷ್ಟು ಬೆಳಕು ಅನ್ನುವುದಷ್ಟೇ ಗೊತ್ತು. ಅದಕ್ಕೆ ಪ್ರತಿ ಡಬ್ಬಿಯ ಮೇಲೂ ಒಂದು ಬಣ್ಣದ ಗಾಜು. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ನಮ್ಮ ಕಣ್ಣು ಹಸಿರಿನ ಸುತ್ತಲಿನ ಬೆಳಕಲ್ಲೇ ಸೂಕ್ಷ್ಮಗಳನ್ನು ಜಾಸ್ತಿ ಗುರುತಿಸುವುದರಿಂದ ಹಸಿರಿಗೆ ಎರಡು ಪಾಲು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ಅದೇ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಕೈಯಲ್ಲಿ ಹಿಡಿಯಬಹುದಾದ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದ್ದರು. ಅದು ಸುಮಾರು ಮೂರೂವರೆ ಕಿಲೋ ಭಾರ. ಒಂದು ಫೋಟೋ ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡ್. ಚಿತ್ರದಲ್ಲಿದ್ದದ್ದು ಡಬ್ಬಿಗೊಂದರಂತೆ 10 ಸಾವಿರ ಚುಕ್ಕಿ.

ಈ ಡಬ್ಬಿಯ ಲೆಕ್ಕ ಗೊತ್ತಿದ್ದರೆ ಒಂದು ಉಪಯೋಗ ಇದೆ. ಡಬ್ಬಿ ತುಂಬಿ ಹೊರಚೆಲ್ಲಿದರೆ ಎಷ್ಟು ಮಳೆ ಬಂತು ಅಂತ ಹೇಳಲು ಬರುವುದಿಲ್ಲ, ಹೌದಲ್ವಾ? ಸೆನ್ಸರಿನಲ್ಲೂ ಹಾಗೇ. ಬೆಳಕು ಜಾಸ್ತಿಯಾಗಿ ತುಂಬಿ ಹೋದ ಜಾಗ ಬರೀ ಬಿಳಿ. ಅಲ್ಲಿ ಮೋಡ ಇತ್ತೋ, ಬಿಳಿ ಸೀರೆಯ ಮಡಿಕೆ ಇತ್ತೋ, ಆಮೇಲೆ ಯಾವ ಎಡಿಟಿಂಗ್‌ನಿಂದಲೂ ವಾಪಸ್ ಬರುವುದಿಲ್ಲ. ನೆಗೆಟಿವ್ ಫಿಲ್ಮು ಇದಕ್ಕೆ ಉಲ್ಟಾ. ಅದು ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತಿತ್ತು, ಕಮ್ಮಿ ಬೆಳಕಿಗೆ ಸೋಲುತ್ತಿತ್ತು. ಹಳೆಯ ಫೋಟೋಗ್ರಾಫರ್‌ಗಳು ನೆರಳು ನೋಡಿ ಅಳತೆ ಇಡುತ್ತಿದ್ದರು. ಈಗ ನೋಡಬೇಕಾದದ್ದು ಬಿಳಿ ಜಾಗವನ್ನು.

ಬೇಲೂರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ. ಬಳಪದ ಕಲ್ಲು, ಗಾಢ ಬಣ್ಣ. ಮದನಿಕೆಯರು ಸೂರಿನ ಕೆಳಗೆ ನೆರಳಲ್ಲಿ, ಹಿಂದೆ ಉರಿಯುವ ಆಕಾಶ. ಎದುರಿಗಿರುವುದು ನಡುವಿನ ಬೂದು ಬಣ್ಣದ್ದು ಅಂತ ಎಣಿಸಿಯೇ ಕ್ಯಾಮೆರಾ ಬೆಳಕು ಅಳೆಯುವುದು. ಕಪ್ಪು ಕಲ್ಲನ್ನು ತೋರಿಸಿದರೆ ಅದನ್ನೂ ಬೂದು ಮಾಡಲು ಹೋಗುತ್ತದೆ. ಕಲ್ಲು ತೊಳೆದ ಬಟ್ಟೆಯ ಹಾಗೆ ಪೇಲವ, ಆಕಾಶ ಪೂರ್ತಿ ಬಿಳಿ. ಫೋನಿನಲ್ಲಿ ಕಲ್ಲಿನ ಮೇಲೆ ಒಮ್ಮೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕಲ್ಲಿಗೆ ಅದರ ಕಪ್ಪು ವಾಪಸ್ ಬರುತ್ತದೆ, ಕೆತ್ತನೆಯ ಅಂಚು ಎದ್ದು ಕಾಣುತ್ತದೆ. ಎರಡು ಸೆಕೆಂಡಿನ ಕೆಲಸ.

ಬೇಲೂರಿನ ವಿಷಯ ಬಂತು ಅಂತ ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಿಂಡಾ ಹೆಂಕೆಲ್ ಅನ್ನುವ ಮನಶ್ಶಾಸ್ತ್ರಜ್ಞೆ ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳನ್ನು ಮ್ಯೂಸಿಯಂ ಒಂದರಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳನ್ನು ಸುಮ್ನೆ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಿದರು. ಮಾರನೇ ದಿನ ಕೇಳಿದಾಗ, ಫೋಟೋ ತೆಗೆದ ವಸ್ತುಗಳೇ ಅವರಿಗೆ ಕಡಿಮೆ ನೆನಪಿದ್ದವು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಅಂತ ಮನಸ್ಸು ಕೈ ಬಿಟ್ಟಿತ್ತು. ಆದರೆ ನನಗೆ ಹಿಡಿಸಿದ್ದು ಅದರ ಎರಡನೇ ಭಾಗ. ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆಯಲು ಹೇಳಿದಾಗ ಆ ಮರೆವು ಕಾಣಲಿಲ್ಲ. ಝೂಮ್ ಮಾಡದ ಉಳಿದ ಭಾಗ ಕೂಡ ನೆನಪಿತ್ತು.

ಅಂದರೆ ಏನು? ಒಂದು ಮದನಿಕೆಯ ತಲೆಯ ಮೇಲಿನ ಬಳ್ಳಿ-ಎಲೆಯ ಕೆತ್ತನೆಯಲ್ಲಿ ಒಂದು ಹಣ್ಣು, ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ ಇದೆ. ಗೈಡ್‌ಗಳನ್ನು ಕೇಳಿದರೆ ತೋರಿಸುತ್ತಾರೆ. ಇಡೀ ಗೋಡೆಗೆ ಮೂವತ್ತು ಫೋಟೋ ತೆಗೆದವರಿಗಿಂತ ಆ ಹಲ್ಲಿಯನ್ನು ಹುಡುಕಿ, ಕತ್ತು ನೋಯಿಸಿಕೊಂಡು ಒಂದು ತೆಗೆದವರ ಜೊತೆ ಬೇಲೂರು ಹೆಚ್ಚು ದಿನ ಇರುತ್ತದೆ ಅಂತ ನಾನು ನಂಬುತ್ತೇನೆ. ಕ್ಯಾಮೆರಾ ನೆನಪನ್ನು ಕಿತ್ತುಕೊಳ್ಳುತ್ತದೆ ಅನ್ನುವುದು ಅರ್ಧ ಸತ್ಯ. ನೋಡದೆ ಒತ್ತಿದರೆ ಕಿತ್ತುಕೊಳ್ಳುತ್ತದೆ.

ಹಳೆಯದೇ ಚಂದ ಅಂತ ಹೇಳಲು ನಾನು ಹೊರಟಿಲ್ಲ. ಫಿಲ್ಮಿನ ಕಾಲದಲ್ಲಿ ಎಷ್ಟೋ ಮನೆಯ ಮಕ್ಕಳಿಗೆ ಬಾಲ್ಯದ ಒಂದು ಫೋಟೋ ಕೂಡ ಇಲ್ಲ. ತೋಟದ ಲೈನ್ ಮನೆಗಳಲ್ಲಿ ಬೆಳೆದ ನನ್ನ ವಯಸ್ಸಿನವರನ್ನು ಕೇಳಿ, ಮೊದಲ ಫೋಟೋ ಶಾಲೆಯ ಗುಂಪಿನದು ಇಲ್ಲಾ ಮದುವೆಯದು ಅನ್ನುತ್ತಾರೆ. ಈಗ ಅವರ ಮಕ್ಕಳ ಮೊದಲ ಹೆಜ್ಜೆಯ ವಿಡಿಯೋ ಅವರ ಕಿಸೆಯಲ್ಲೇ ಇದೆ. ಇದು ಸಣ್ಣ ವಿಷಯವಲ್ಲ. ಕಾಫಿ ಹೂವು ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದು ಸುಮಾರು ಒಂಬತ್ತು-ಹತ್ತು ದಿನಕ್ಕೆ ಅರಳುತ್ತದೆ, ಎರಡು-ಮೂರು ದಿನ ಬೆಳ್ಳಗಿದ್ದು ಮುಗಿಯುತ್ತದೆ. ಆ ಎರಡು ದಿನದಲ್ಲಿ ಬೆಳಿಗ್ಗೆ ಮಂಜಿಗೆ ಒಂದು ಅಳತೆ, ಮಧ್ಯಾಹ್ನಕ್ಕೆ ಇನ್ನೊಂದು ಅಳತೆ ಇಟ್ಟು, ತಪ್ಪಿದ್ದನ್ನು ಅಲ್ಲೇ ನೋಡಿ ತಿದ್ದಿಕೊಳ್ಳಬಹುದು. ಫಿಲ್ಮಿನಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ಹೂವು ಉದುರಿ ಕಾಯಿ ಕಟ್ಟಿರುತ್ತಿತ್ತು. ಕಲಿಯುವವರಿಗೆ ಡಿಜಿಟಲ್‌ನಷ್ಟು ಒಳ್ಳೆ ಮೇಷ್ಟ್ರು ಇಲ್ಲ.

ಆದರೆ ಫೋನಿನಲ್ಲಿ ಇನ್ನೊಂದು ಬದಲಾವಣೆ ನಮಗೆ ಗೊತ್ತಾಗದ ಹಾಗೆ ಆಗಿದೆ. ಇವತ್ತಿನ ಬಹಳಷ್ಟು ಫೋನುಗಳು ಕ್ಯಾಮೆರಾ ತೆರೆದ ಕೂಡಲೇ ಚಿತ್ರಗಳನ್ನು ತೆಗೆಯುತ್ತಲೇ ಇರುತ್ತವೆ. ನಾವು ಬಟನ್ ಒತ್ತಿದಾಗ, ಅದಕ್ಕೂ ಮುಂಚೆ ಹಿಡಿದಿಟ್ಟ ಕೆಲವನ್ನು ತೆಗೆದುಕೊಂಡು, ಒಂದರ ಮೇಲೊಂದು ಹೊಂದಿಸಿ, ಕತ್ತಲ ಜಾಗ ತಿಳಿಯಾಗಿಸಿ, ಒಂದು ಫೋಟೋ ಮಾಡಿ ಕೊಡುತ್ತವೆ. ಬೆಳಕಿನ ಲೆಕ್ಕ, ಫೋಕಸ್, ಒಂದು ಮಟ್ಟಿಗೆ ಆ ಕ್ಷಣದ ಆಯ್ಕೆ ಕೂಡ ಅದರದ್ದೇ. ಸ್ಟುಡಿಯೋದವನ ಕೈ, ಕಣ್ಣು ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಅದೇ ಮಾಡಿ ಮುಗಿಸಿದೆ. ನಮಗೆ ಉಳಿದಿರುವುದು ಎರಡು. ಎದುರಿಗೆ ಯಾರನ್ನು ನಿಲ್ಲಿಸಬೇಕು ಅನ್ನುವುದು. ತೆಗೆದದ್ದರಲ್ಲಿ ಯಾವುದನ್ನು ಉಳಿಸಬೇಕು ಅನ್ನುವುದು. ಈ ಎರಡನ್ನು ಯಾವ ಫೋನೂ ಮಾಡಿ ಕೊಡುವುದಿಲ್ಲ. ದೊಡ್ಡಮ್ಮನನ್ನು ಅಡುಗೆಮನೆಯಿಂದ ಹೊರಗೆ ಕರೆದು, ಕಿಟಕಿ ಬೆಳಕಲ್ಲಿ ಕೂರಿಸಿ, “ಇಲ್ಲಿ ನೋಡಿ ದೊಡ್ಡಮ್ಮ” ಅಂತ ಹೇಳಬೇಕಾಗಿದ್ದವರು ನಾವು.

ಉಳಿಸುವ ವಿಷಯಕ್ಕೆ ಬಂದರೆ ಲೆಕ್ಕ ನೋಡಿ. ಒಂದು ಫೋಟೋ 4 ಎಂಬಿ ಅಂತ ಇಟ್ಟುಕೊಂಡರೆ 128 ಜಿಬಿಯಲ್ಲಿ ಸುಮಾರು 32 ಸಾವಿರ ಫೋಟೋ ಹಿಡಿಯುತ್ತವೆ. 36ರ ರೋಲಿನಲ್ಲಿ ಎಣಿಸಿದರೆ ಹತ್ತಿರ ಹತ್ತಿರ 890 ರೋಲು. ಅಷ್ಟು ರೋಲು ಮನೆಯಲ್ಲಿ ರಾಶಿ ಬಿದ್ದಿದ್ದರೆ ಯಾರಾದರೂ ಕೂತು ವಿಂಗಡಿಸುತ್ತಿದ್ದರು. ಫೋನಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಆ ಚೌಕ ಚೌಕದ ಕೆನ್ನೆ. ಅದರ ಹಿಂದೆ ನಮ್ಮ ಬೆಂಗಳೂರಿನವರೊಬ್ಬರ ದೊಡ್ಡ ಕೆಲಸ ಇದೆ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದರು. ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ಅವರು ಪ್ರಕಟಿಸಿದ ಒಂದು ಗಣಿತದ ವಿಧಾನವೇ, ಫೋಟೋದ ಫೈಲನ್ನು ಚಿಕ್ಕದು ಮಾಡುವ 1992ರ ಜೆಪೆಗ್ ಮಾನದಂಡದ ಹೃದಯ. ಜೆಪೆಗ್ ಫೋಟೋವನ್ನು ಎಂಟು ಸಾಲು, ಎಂಟು ಕಂಬದ ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲೂ ನಿಧಾನಕ್ಕೆ ಬದಲಾಗುವ ಬೆಳಕು-ನೆರಳನ್ನು ಉಳಿಸಿಕೊಂಡು, ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮ ಏರಿಳಿತವನ್ನು ಬಿಟ್ಟುಬಿಡುತ್ತದೆ. ಫೈಲು ಹತ್ತರಲ್ಲಿ ಒಂದು ಪಾಲಾದರೂ ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ. ಈ ವಿಧಾನ ಇಲ್ಲದಿದ್ದರೆ ಇವತ್ತು ಫೋಟೋ ಕಳಿಸುವುದು ಇಷ್ಟು ಸಲೀಸಾಗಿ ಇರುತ್ತಲೇ ಇರಲಿಲ್ಲ.

ತೊಂದರೆ ಬರುವುದು ಮತ್ತೆ ಮತ್ತೆ ಕುಗ್ಗಿಸಿದಾಗ. ಸ್ಟೇಟಸಿನಿಂದ ಸ್ಕ್ರೀನ್‌ಶಾಟ್, ಅದನ್ನು ಕತ್ತರಿಸಿ ಸೇವ್, ಮತ್ತೆ ಇನ್ನೊಂದು ಕಡೆ ಅಪ್‌ಲೋಡ್. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಉದುರುತ್ತದೆ. ಕೊನೆಗೆ ಉಳಿಯುವುದು ಆ ಚೌಕಗಳ ಗಡಿ. ಅಂಗಡಿಯ ಕಂಪ್ಯೂಟರಿನಲ್ಲಿ ನಾನು ದೊಡ್ಡಮ್ಮನ ಕೆನ್ನೆಯ ಮೇಲೆ ಕಂಡದ್ದು ಅದನ್ನೇ. ಜೊತೆಗೆ ಅಳತೆಯೂ ಇಳಿಯುತ್ತದೆ. ಫೋನಿನ ಮೂಲ ಫೋಟೋ ಉದ್ದಕ್ಕೆ 4000 ಚುಕ್ಕಿ ಇದ್ದರೆ, ಮೆಸೇಜಿನಲ್ಲಿ ಸಾಮಾನ್ಯವಾಗಿ ಹೋಗುವ ಪ್ರತಿಯಲ್ಲಿ 1600ರ ಆಸುಪಾಸು. ಗುಂಪಿನ ಮಧ್ಯೆ ನಿಂತ ಒಬ್ಬರ ಮುಖಕ್ಕೆ ಅದರಲ್ಲಿ 250 ಚುಕ್ಕಿ ಸಿಕ್ಕಿದರೆ ಹೆಚ್ಚು. ಕಟ್ಟಿನ ಫೋಟೋದಲ್ಲಿ ಮುಖ ಆರು ಇಂಚು ಅಗಲ ಬರಬೇಕು ಅಂದರೆ ಇಂಚಿಗೆ ಸುಮಾರು 40 ಚುಕ್ಕಿ ಆಯಿತು. ಒಳ್ಳೆ ಪ್ರಿಂಟಿಗೆ ಇಂಚಿಗೆ 300 ಬೇಕು. ಗೋಡೆಯ ಮೇಲೆ ದೂರದಿಂದ ನೋಡುವುದಕ್ಕೆ 150 ಆದರೂ ಇರಬೇಕು. ಹುಡುಗ “ಒಡೆಯುತ್ತೆ” ಅಂದದ್ದರ ಲೆಕ್ಕ ಇದು.

ಹಾಗಾಗಿ ಮುಖ್ಯವಾದ ಫೋಟೋ ಕೇಳುವಾಗ ತೆಗೆದವರನ್ನೇ ಹುಡುಕಿ ಕೇಳಿ. ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿದರೆ ಮೂಲ ಫೈಲ್ ಹಾಗೇ ಬರುತ್ತದೆ. ಮದುವೆ ಮುಗಿದ ವಾರದಲ್ಲೇ ಕೇಳಿದರೆ ಸಿಗುತ್ತದೆ. ವರ್ಷ ಕಳೆದರೆ ಅವರ ಫೋನೇ ಬದಲಾಗಿರುತ್ತದೆ.

ಮೂಲ ಫೈಲಿನಲ್ಲಿ ಇನ್ನೊಂದು ಇರುತ್ತದೆ, ತೆಗೆದ ತಾರೀಖು. ಶೆಟ್ಟಿಹಳ್ಳಿ ಚರ್ಚಿನ ಫೋಟೋ ನೋಡದ ಹಾಸನದವರು ಯಾರಿದ್ದಾರೆ? ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರಿನ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಲ್ಲಿ ನಿಲ್ಲುತ್ತದೆ. ಈಚಿನ ವರ್ಷಗಳ ಮಳೆಗೆ ಅದರ ಗೋಡೆಯ ಒಂದು ಭಾಗ ಕುಸಿದಿದೆ. ಯಾವ ವರ್ಷ ಯಾವ ಕಮಾನು ನಿಂತಿತ್ತು, ಬಿರುಕು ಯಾವಾಗ ಕಾಣಿಸಿತು ಅಂತ ತಿಳಿಯಬೇಕಾದರೆ ಜನ ತೆಗೆದ ಆ ಫೋಟೋಗಳೇ ದಾಖಲೆ. ಆದರೆ ಹೆಚ್ಚಿನ ಮೆಸೇಜ್ ಆ್ಯಪ್‌ಗಳು ಕಳಿಸುವಾಗ ತಾರೀಖು, ಜಾಗದ ವಿವರ ತೆಗೆದುಹಾಕುತ್ತವೆ. ಖಾಸಗಿತನಕ್ಕೆ ಅದು ಒಳ್ಳೆಯದೇ. ದಾಖಲೆಗೆ ಮಾತ್ರ ಪೆಟ್ಟು. ಫಾರ್ವರ್ಡ್ ಆಗಿ ಬಂದ ಚರ್ಚಿನ ಫೋಟೋಗೆ ನನ್ನ ಫೋನ್ ತೋರಿಸುವ ದಿನ, ಅದು ನನಗೆ ತಲುಪಿದ ದಿನ.

ಇನ್ನು ಕಾಪಾಡುವುದು. ಮಲೆನಾಡಿನಲ್ಲಿ ಫೋಟೋಗೆ ಮೊದಲ ಶತ್ರು ತೇವ. ಜೆಲಟಿನ್ ಅಂದೆನಲ್ಲ, ಅದು ಪ್ರಾಣಿಗಳ ಮೂಳೆ-ಚರ್ಮದಿಂದ ಬರುವ ಪದಾರ್ಥ. ಮಳೆಗಾಲದಲ್ಲಿ ಬೂಷ್ಟಿಗೆ ಅದೇ ಊಟ. ನೆಗೆಟಿವ್ ಮೇಲೆ ಬೇರಿನ ಹಾಗೆ ಹರಡಿದ ಗೆರೆಗಳನ್ನು ನೋಡಿದ್ದೀರಾ? ಅದೇ ಬೂಷ್ಟು. ತೇವಕ್ಕೆ ಮೆತ್ತಗಾಗಿ ಫೋಟೋ ಕಟ್ಟಿನ ಗಾಜಿಗೆ ಅಂಟಿಕೊಳ್ಳುವುದೂ ಇದರಿಂದಲೇ. ಹಾಗೆ ಅಂಟಿದ್ದರೆ ದಯವಿಟ್ಟು ಎಳೆಯಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಬಣ್ಣದ ಫೋಟೋಗೆ ಬೇರೆ ಕಾಯಿಲೆ. ಅಜ್ಜಿಯ ಕಪ್ಪು-ಬಿಳುಪು ಫೋಟೋ ಇನ್ನೂ ಗಟ್ಟಿಯಾಗಿರುತ್ತದೆ, ಅಪ್ಪ-ಅಮ್ಮನ ಮದುವೆಯ ಕಲರ್ ಫೋಟೋ ಕೆಂಪಾಗಿರುತ್ತದೆ. ಕಪ್ಪು-ಬಿಳುಪಿನಲ್ಲಿರುವುದು ಬೆಳ್ಳಿ. ಬಣ್ಣದ್ದರಲ್ಲಿರುವುದು ಬಣ್ಣದ ಕಣಗಳು. ಆ ಕಾಲದ ಪ್ರಿಂಟಿನಲ್ಲಿ ನೀಲಿ-ಹಸಿರು ಕಣಗಳು ಮೊದಲು ಮಾಸಿ ಕೆಂಪು ಉಳಿಯುತ್ತದೆ. ಕಪಾಟಿನ ಕತ್ತಲಲ್ಲಿ ಇಟ್ಟರೂ ಮಾಸುತ್ತದೆ, ಆದ್ದರಿಂದ ಅಂಥವನ್ನು ಮೊದಲು ಸ್ಕ್ಯಾನ್ ಮಾಡಿಸಬೇಕು.

ಕಾಗದ ಹೀಗೆ ನಿಧಾನಕ್ಕೆ ಹಾಳಾಗುತ್ತದೆ. ಹಾಳಾಗುತ್ತಿದ್ದೇನೆ ಅಂತ ಹೇಳಿಕೊಂಡೇ ಹಾಳಾಗುತ್ತದೆ. ಫೈಲು ಹೇಳುವುದಿಲ್ಲ. ನನ್ನದೇ ಒಂದು ಹಾರ್ಡ್ ಡಿಸ್ಕ್ ಒಂದು ಬೆಳಿಗ್ಗೆ ಟಕ್ ಟಕ್ ಅಂತ ಸದ್ದು ಮಾಡಿತು, ಅಷ್ಟೆ. ಐದು ವರ್ಷದ ಫೋಟೋ ಅದೊಂದರಲ್ಲೇ ಇದ್ದವು. ಮಗಳ ಮೊದಲ ಹುಟ್ಟುಹಬ್ಬವೂ ಅದರಲ್ಲಿತ್ತು. ಹಿಂದಿನ ರಾತ್ರಿ ತನಕ ಎಲ್ಲ ಚೆನ್ನಾಗಿಯೇ ತೆರೆಯುತ್ತಿತ್ತು. ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳೂ ಅಷ್ಟೇ. ಅವುಗಳಲ್ಲಿ ಮಾಹಿತಿ ನಿಂತಿರುವುದು ಹಿಡಿದಿಟ್ಟ ವಿದ್ಯುತ್ತಿನಲ್ಲಿ. ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿಟ್ಟರೆ ಅದು ಸೋರಬಹುದು. ಏಪ್ರಿಲ್-ಮೇ ಸಿಡಿಲಿಗೆ ಪ್ಲಗ್‌ನಲ್ಲಿದ್ದ ಕಂಪ್ಯೂಟರ್ ಸುಟ್ಟ ಕಥೆ ನಮ್ಮ ಕಡೆ ಊರಿಗೊಂದು ಇದೆ.

ಬಲ್ಲವರು ಹೇಳುವ ಲೆಕ್ಕ ಸರಳ. ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಅದರಲ್ಲಿ ಒಂದು ಮನೆಯ ಹೊರಗೆ. ಫೋನ್, ಹಾರ್ಡ್ ಡಿಸ್ಕ್, ಆನ್‌ಲೈನ್ ಖಾತೆ ಅಂತ ಇಟ್ಟುಕೊಳ್ಳಬಹುದು. ಖಾತೆಯ ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ದೊಡ್ಡಮ್ಮನ ಫೋನಿನಲ್ಲಿ ಏನಿದೆ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಅವರ ಬೆರಳು ಬಿಟ್ಟರೆ ಅದು ತೆರೆಯುವುದಿಲ್ಲ.

ನಾನು ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಆಷಾಢದಲ್ಲಿ ಮಳೆ ಹಿಡಿದು ಹೊರಗೆ ಕಾಲಿಡಲಾಗದ ದಿನಗಳಲ್ಲಿ ಹಿಂದಿನ ವರ್ಷದ ಫೋಟೋಗಳ ಮುಂದೆ ಕೂರುತ್ತೇನೆ. ಆರಿಸುವುದು 36 ಮಾತ್ರ. ವರ್ಷಕ್ಕೊಂದು ರೋಲು. ಮೊದಲ ವರ್ಷ ಮೂರು ದಿನ ಹಿಡಿಯಿತು, ತುಂಬ ಕಷ್ಟವಾಯಿತು. ಒಂದೇ ಸೂರ್ಯಾಸ್ತದ ನಲವತ್ತು ಫೋಟೋ ಇದ್ದವು, ಅಮ್ಮನದು ಎರಡೇ. ಅದು ಕಂಡ ಮೇಲೆ ಮುಂದಿನ ವರ್ಷ ನಾನು ಕ್ಯಾಮೆರಾ ತಿರುಗಿಸುವ ದಿಕ್ಕೇ ಬದಲಾಯಿತು. ಆರಿಸಿದ 36ನ್ನು ಪ್ರಿಂಟ್ ಹಾಕಿಸಿ ಹಿಂದೆ ಹೆಸರು, ಊರು, ದಿನ ಬರೆಯುತ್ತೇನೆ. ಹಳೆಯ ಕಾಗದದ ಫೋಟೋಗೆ ಮೆತ್ತನೆಯ ಪೆನ್ಸಿಲ್ ಸಾಕು. ಈಗಿನ ಪ್ಲಾಸ್ಟಿಕ್ ಲೇಪದ ಪ್ರಿಂಟಿಗೆ ಪೆನ್ಸಿಲ್ ಹಿಡಿಯುವುದಿಲ್ಲ, ಬೇಗ ಒಣಗುವ ಫೋಟೋ ಮಾರ್ಕರ್ ಬೇಕು. ಬಾಲ್ ಪೆನ್ ಬೇಡ, ಒತ್ತಿದ ಗುರುತು ಮುಂದೆ ಮೂಡುತ್ತದೆ.

ಈ ವರ್ಷ ಅಮ್ಮನ ಹಳೆಯ ಡಬ್ಬಿಯನ್ನೂ ಹೊರಗೆ ತೆಗೆದಿದ್ದೇನೆ. ಅದರಲ್ಲಿ ಹೈಸ್ಕೂಲಿನ ಹುಡುಗಿಯರು ಹಳೇಬೀಡಿಗೆ ಹೋದಾಗಿನ ಒಂದು ಫೋಟೋ ಇದೆ. ದೊಡ್ಡ ನಂದಿಯ ಮುಂದೆ ಹದಿನಾಲ್ಕು ಜನ, ಎಲ್ಲರಿಗೂ ಎರಡು ಜಡೆ. ಅಮ್ಮ ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೆಸರು ಹೇಳುತ್ತಾ ಹೋದರು, ನಾನು ಹಿಂದೆ ಬರೆಯುತ್ತಾ ಹೋದೆ. ಹನ್ನೆರಡು ಹೆಸರು ಆಯಿತು. ಹಿಂದಿನ ಸಾಲಿನ ಎಡದಿಂದ ಎರಡನೆಯವಳು ಮತ್ತು ಕೊನೆಯವಳು ನೆನಪಾಗಲಿಲ್ಲ. ಮೂಡಿಗೆರೆಯ ಅತ್ತೆಗೆ ಗೊತ್ತಿರುತ್ತದೆ, ಅವರೂ ಅದೇ ಶಾಲೆ. ಗೌರಿ ಹಬ್ಬಕ್ಕೆ ಬರುತ್ತಾರೆ. ಫೋಟೋ, ಪೆನ್ಸಿಲ್ ಎರಡನ್ನೂ ಗಡಿಯಾರದ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ.